ಬಸಲಿಂಗವ್ವ ಕತ್ತರಿಸಿದ ಬಾವುಟ

ನವಲಗುಂದದಲ್ಲಿ ಬಸಲಿಂಗವ್ವ ಎಂದರೆ ಕೌದಿ, ಕೌದಿ ಎಂದರೆ ಬಸಲಿಂಗವ್ವ. ಹಳೆಯ ಸೀರೆ, ಅಂಗಿ, ಧೋತರ ಏನೇ ತಂದುಕೊಟ್ಟರೂ ಕತ್ತರಿಸಿ, ಪದರ ಕೂಡಿಸಿ, ಇರುವೆ ಸಾಲಿನಂಥ ಹೊಲಿಗೆ ಹಾಕಿ, ನಾಲ್ಕು ತಲೆಮಾರು ಹೊದೆಯುವಂಥ ಕೌದಿ ಮಾಡಿ ಕೊಡುವವಳು. ಅವಳ ಅಳಿಯ ಸುನಿಲಕುಮಾರನಿಗೆ ಗ್ರೀನ್ ಕಾರ್ಡ್ ಸಿಕ್ಕಿತು ಎಂದಾಗ ಓಣಿಗೆ ಓಣಿಯೇ ಅವನು ಅಮೆರಿಕಕ್ಕೆ ಹೊರಟನೆಂದು ಸಾರಿಬಿಟ್ಟಿತು. ಈಗ ಜರ್ಮನಿಯವರೂ ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರ್ ಕಲಿತವರನ್ನು ಕರೆಸಿಕೊಳ್ಳುತ್ತಿದ್ದಾರೆ ಎಂದು ಬಸಲಿಂಗವ್ವ ಹೇಳಿ ಹೇಳಿ ಬಾಯಿ ಸೋತಳು. ೨೦೦೨ರ ನವೆಂಬರಿನಲ್ಲಿ ಮಗಳು ವಿಜಯಶ್ರೀಯ ಬಾಣಂತನಕ್ಕೆಂದು ಜರ್ಮನಿಯ ಬೊಬ್ಲಿಂಗೆನ್ ಊರಿಗೆ ಬಂದು ಇಳಿದರೆ, ಎದುರು ಬಾಗಿಲಿನ ಮನೆಯಲ್ಲಿ ಇದ್ದವರು ಅಮೆರಿಕದವರು! ಓಣಿಯ ಮಂದಿಯ ಮಾತು ಅರ್ಧಕ್ಕರ್ಧ ಖರೆಯಾಯಿತಲ್ಲ ಎಂದು ಒಬ್ಬಳೇ ನಕ್ಕಳು.

ಆ ಮನೆಯ ರೇಮಂಡ್ ಊರಂಚಿನ ಅಮೆರಿಕನ್ ದಂಡಿನ ಠಾಣೆಯಲ್ಲಿ ಸಾರ್ಜೆಂಟ್. ಬಾಗಿಲಿಗೆ ತಲೆ ತಾಗೀತು ಎನ್ನುವಷ್ಟು ಎತ್ತರದ ಆಳು, ಮಾತು ಮಾತ್ರ ತೂಕ ಮಾಡಿ ಕೊಟ್ಟಷ್ಟು. ಹೆಂಡತಿ ತೆರೇಸಾ ಅವನ ಪಾಲಿನದನ್ನೂ ಸೇರಿಸಿ ಆಡುವವಳು. ಎರಡೂ ಮನೆಗಳ ಬಾಲ್ಕನಿ ಅಕ್ಕಪಕ್ಕ. ದಿನಾ ಬೆಳಿಗ್ಗೆ ತೆರೇಸಾ ತಮ್ಮ ದೇಶದ ನಕ್ಷತ್ರಗಳ ಬಾವುಟವನ್ನು ಬಾಲ್ಕನಿಯ ಕೋಲಿಗೆ ಸಿಕ್ಕಿಸಿ, ಎದೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಲ್ಲುವಳು. ಹೊತ್ತು ಮುಳುಗುವ ಮೊದಲು ಅದನ್ನು ಇಳಿಸಿ, ಅಂಚು ನೆಲಕ್ಕೆ ತಾಗದಂತೆ ಮಡಿಸಿ, ಕೂಸನ್ನು ಎತ್ತಿಕೊಂಡಂತೆ ಒಳಗೆ ಒಯ್ಯುವಳು. ಹಿಮ ಬೀಳುತ್ತಿದ್ದರೆ ಆ ದಿನ ಹೊರಗೇ ತೆಗೆಯುತ್ತಿರಲಿಲ್ಲ, ಬಾವುಟಕ್ಕೆ ಥಂಡಿ ಹತ್ತೀತು ಎಂಬಂತೆ. ಬಸಲಿಂಗವ್ವ ಹಾಲು ಕಾಯಿಸುವುದನ್ನೂ ಮರೆತು ನೋಡುತ್ತ ನಿಲ್ಲುವಳು. ಅವಳ ಊರಲ್ಲಿ ಬಾವುಟವೆಂದರೆ ಆಗಸ್ಟ್ ಹದಿನೈದು, ಶಾಲೆಯ ಅಂಗಳ, ಮಕ್ಕಳ ಕೈಗೆ ಪೆಪ್ಪರಮೆಂಟು, ಅಲ್ಲಿಗೆ ಮುಗಿಯಿತು.

"ನಮ್ಮ ಮಂದಿ ಲಿಂಗಪೂಜಿ ಒಂದಿನ ತಪ್ಪಿಸ್ಯಾರು, ಈಕಿ ತಪ್ಪಸೂದಿಲ್ಲ ನೋಡು," ಎಂದಳು ಮಗಳಿಗೆ.

"ಅವರು ಹಂಗಽ ಯವ್ವಾ. ದೇವರು, ದೇಶ, ತಮ್ಮ ಸ್ಟೇಟು, ಮೂರೂ ಒಂದಽ ಜಗಲಿ ಮ್ಯಾಲೆ ಇಟ್ಟಾರ," ಎಂದಳು ವಿಜಯಶ್ರೀ.

ಆ ಮೂರನೆಯದು ಬಸಲಿಂಗವ್ವನಿಗೆ ತಿಳಿದದ್ದು ಮೆಣಸಿನಕಾಯಿಯಿಂದ. ಗಂಡ ಹೆಂಡಿರಿಬ್ಬರೂ ನ್ಯೂ ಮೆಕ್ಸಿಕೊ ಎಂಬ ರಾಜ್ಯದವರು. ಒಂದು ದಿನ ತೆರೇಸಾ ಬಟ್ಟಲಲ್ಲಿ ಕೆಂಪನೆಯ ಗೊಜ್ಜು ತಂದು, ಇದು ನಮ್ಮ ರಾಜ್ಯದ ಮೆಣಸಿನಕಾಯಿ, ಭೂಮಿಯ ಮೇಲೆ ಇಂಥದ್ದು ಇನ್ನೊಂದಿಲ್ಲ ಎಂದಳು. ವಿಜಯಶ್ರೀ ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಬಸಲಿಂಗವ್ವ ಒಳಗೆ ಹೋಗಿ ಬ್ಯಾಡಗಿ ಮೆಣಸಿನಕಾಯಿಯ ರಂಜಕ ಚಟ್ನಿಯ ಭರಣಿ ತಂದು ಎದುರಿಗಿಟ್ಟಳು. ತೆರೇಸಾ ಒಂದು ಚಮಚ ತಿಂದು ಕಣ್ಣು ಮೂಗು ಒರೆಸಿಕೊಂಡಳೇ ವಿನಾ ಸೋಲೊಪ್ಪಲಿಲ್ಲ. ನಿಮ್ಮದು ಚೆನ್ನಾಗಿದೆ, ಆದರೆ ನಮ್ಮದು ನಮ್ಮದೇ ಎಂದಳು. ತನ್ನ ನೆಲವನ್ನು ಹೀಗೆ ಬಿಟ್ಟುಕೊಡದ ಹೆಣ್ಣನ್ನು ಕಂಡು ಬಸಲಿಂಗವ್ವನಿಗೆ ಪ್ರೀತಿ ಉಕ್ಕಿತು. ಅಂದಿನಿಂದ ಭಾಷೆ ಬಾರದ ಇಬ್ಬರೂ ಕೈಸನ್ನೆಯಲ್ಲೇ ಹರಟೆ ಹೊಡೆಯತೊಡಗಿದರು.

ಡಿಸೆಂಬರಿನಲ್ಲಿ ವಿಜಯಶ್ರೀಗೆ ಹೆಣ್ಣು ಕೂಸು ಹುಟ್ಟಿತು. ಕೀರ್ತಿ ಎಂದು ಹೆಸರಿಟ್ಟರು. ಮೊಮ್ಮಗಳಿಗೆ ಕೌದಿ ಹೊಲಿಯದೆ ಅಜ್ಜಿ ಊರಿಗೆ ಹೋಗುವುದುಂಟೇ? ಕೂಸಿನ ಕೌದಿಗೆ ಹೊಸ ಬಟ್ಟೆ ನಡೆಯುವುದಿಲ್ಲ. ಬಾಳಿ ಬದುಕಿದವರು ಉಟ್ಟು ತೊಟ್ಟು ಮೆತ್ತಗಾದ ಬಟ್ಟೆಯೇ ಬೇಕು, ಅದೂ ಹತ್ತು ಮನೆಯದು. ಆಗಲೇ ಹತ್ತು ಮನೆಯ ಆಯುಷ್ಯ ಕೂಸಿಗೆ ಬರುವುದು. ಇದನ್ನು ಕೇಳಿದ ತೆರೇಸಾ ಹಿರಿಹಿರಿ ಹಿಗ್ಗಿ, ನೆಲಮಾಳಿಗೆಯಲ್ಲಿ ಕಟ್ಟಿಟ್ಟಿದ್ದ ಗಂಡನ ಹಳೆಯ ಅಂಗಿಗಳ ಚೀಲವನ್ನೇ ತಂದು ಸುರಿದಳು.

ಆ ಅಂಗಿಗಳ ನಡುವೆ ಒಂದು ಹಳದಿ ಬಟ್ಟೆ ಇತ್ತು. ಬಣ್ಣ ಮಾಸಿ, ಅಂಚು ಸವೆದು, ಬೆಣ್ಣೆಯಂತೆ ಮೆತ್ತಗಾಗಿತ್ತು. ನಡುವೆ ಕೆಂಪು ಸೂರ್ಯ, ನಾಲ್ಕು ದಿಕ್ಕಿಗೂ ನಾಲ್ಕು ನಾಲ್ಕು ಕಿರಣ. ಅರಿಸಿನ ಕುಂಕುಮದ ಬಣ್ಣ! ಬಸಲಿಂಗವ್ವ ಅದನ್ನು ಕಣ್ಣಿಗೊತ್ತಿಕೊಂಡಳು. ಇಂಥ ಮಂಗಳದ ಬಟ್ಟೆ ಕೂಸಿಗಲ್ಲದೆ ಇನ್ನಾರಿಗೆ ಎಂದುಕೊಂಡು ಕತ್ತರಿ ಎತ್ತಿದಳು. ಸೂರ್ಯನ ದುಂಡು ಕೌದಿಯ ನಡುವಿಗೆ ಬಂತು, ಕಿರಣಗಳು ಸುತ್ತಂಚಿಗೆ ಹೋದವು, ಹಳದಿಯೆಲ್ಲ ಮುಕ್ಕೋಣಗಳಾಯಿತು. ಉಳಿದ ಚೂರುಗಳನ್ನು ಕಸದ ಡಬ್ಬಿಗೆ ಹಾಕಿದಳು.

ಕೌದಿ ಇನ್ನೇನು ಮುಗಿಯಿತು ಎನ್ನುವಾಗ ತೆರೇಸಾ ಬಂದು ಬಾಗಿಲು ತಟ್ಟಿದಳು. ಕಣ್ಣು ಊದಿಕೊಂಡಿದ್ದವು. ರೇಮಂಡನಿಗೆ ಹುಕುಂ ಬಂದಿದೆ, ಮುಂದಿನ ಸೋಮವಾರ ಕೊಲ್ಲಿಯ ಕಡೆ ಹೊರಡಬೇಕು, ಯುದ್ಧ ಆಗಿಯೇ ತೀರುತ್ತದಂತೆ ಎಂದಳು. ಆಮೇಲೆ ಕೇಳಿದಳು: ಆ ಚೀಲದಲ್ಲಿ ಒಂದು ಹಳದಿ ಬಾವುಟ ಇತ್ತೇ? ಅದು ಅವರ ರಾಜ್ಯದ ಬಾವುಟ. ರೇಮಂಡನ ಅಪ್ಪ ಅದನ್ನು ವಿಯೆಟ್ನಾಮಿಗೆ ಒಯ್ದಿದ್ದ, ಅಣ್ಣ ಮೊದಲ ಕೊಲ್ಲಿ ಯುದ್ಧಕ್ಕೆ ಒಯ್ದಿದ್ದ. ಇಬ್ಬರೂ ಜೀವಂತ ಮನೆಗೆ ಬಂದಿದ್ದರು. ಈಗ ರೇಮಂಡನ ಸರದಿ. ಹುಳು ತಿಂದೀತೆಂದು ಅಂಗಿಗಳ ನಡುವೆ ಅವನೇ ಇಟ್ಟಿದ್ದನಂತೆ, ತೆರೇಸಾಗೆ ಗೊತ್ತಿರಲಿಲ್ಲ. ವಿಜಯಶ್ರೀ, ಹುಡುಕಿ ನೋಡುತ್ತೇನೆ ಎಂದು ಹೇಳಿ ಕಳಿಸಿದಳು.

ವಿಷಯ ತಿಳಿದ ಬಸಲಿಂಗವ್ವ ಕೈಯಲ್ಲಿದ್ದ ಸೂಜಿ ಕೆಳಗಿಟ್ಟಳು. "ರಾಜ್ಯಕ್ಕ ಬ್ಯಾರೆ ಬಾವುಟ ಇರ್ತದನು?" ಎಂದಳು.

"ನಮಗಿಲ್ಲೇನು ಯವ್ವಾ? ನವೆಂಬರ್ ಒಂದಕ್ಕ ಏರಸೂದು ಏನು ಮತ್ತ? ಅದೂ ಹಳದಿ ಕೆಂಪಽ."

ಸಂಜೆ ಮನೆಗೆ ಬಂದ ಸುನಿಲಕುಮಾರನ ಮುಖ ಸುಣ್ಣ ಬಳಿದ ಗೋಡೆಯಾಯಿತು. ಅವನದು ಮೊದಲೇ ಅಂಜುಬುರುಕ ಜೀವ, ಕೆಂಪು ದೀಪವಿದ್ದಾಗ ಖಾಲಿ ರಸ್ತೆಯನ್ನೂ ದಾಟುವವನಲ್ಲ. "ಅತ್ತಿಯವರ, ನೀವು ಸುಮ್ನ ಕುಂದರ್ರಿ. ಇದು ಯು.ಎಸ್. ಆರ್ಮಿ ಮ್ಯಾಟರ್. ಅದರಾಗ ಈಗ ಟೈಮ್ ಸರಿ ಇಲ್ಲ. ಜೆಂಡಾ ಕತ್ತರಿಸ್ಯಾರ ಅಂತ ಕಂಪ್ಲೇಂಟ್ ಆದ್ರ ಐದು ವರ್ಷದ ನನ್ನ ಗ್ರೀನ್ ಕಾರ್ಡು ಐದು ನಿಮಿಷದಾಗ ಹೋಗ್ತದ. ಚೀಲದಾಗ ಇರಲಿಲ್ಲ ಅಂದುಬಿಡೂನು. ಕೌದಿ ನಿಮ್ಮ ಸೂಟ್‌ಕೇಸಿನ್ಯಾಗ ಹಾಕ್ಕೊಂಡು ಊರಿಗೆ ಒಯ್ಯಿರಿ, ಮುಗೀತು."

ಬಸಲಿಂಗವ್ವ ಅಳಿಯನಿಗೆ ಎದುರಾಡಿದವಳಲ್ಲ. ಅಂದು ಆಡಿದಳು. "ಎಪ್ಪತ್ತೊಂದರಾಗ ನಮ್ಮಣ್ಣ ನಿಜಲಿಂಗಪ್ಪ ದಂಡಿಗೆ ಹೊಂಟಾಗ ನಮ್ಮವ್ವ ಅವನ ಕಿಸೆದಾಗ ವಿಭೂತಿ ಗಟ್ಟಿ ಇಟ್ಟು ಕಳಿಸಿದ್ಲು. ಅದನ್ನ ಯಾರರ ಕದ್ದು ಮುಚ್ಚಿಟ್ಟಿದ್ರ ಆಕಿ ಜೀವಾ ಇಟ್ಕೋತಿರಲಿಲ್ಲ. ಆ ಹುಡುಗ ಬರಿಗೈಲೆ ಯುದ್ಧಕ್ಕ ಹೋಗಿ, ನಾಳೆ ಏನರ ಆತು ಅಂದ್ರ, ಈ ಕೌದ್ಯಾಗ ನನ್ನ ಮೊಮ್ಮಗಳಿಗೆ ನಿದ್ದಿ ಹತ್ತತೈತೇನ್ರಿ?" ಎಂದವಳೇ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಎದುರು ಬಾಗಿಲಿಗೆ ನಡೆದಳು. ಭಾಷೆಗೆಂದು ವಿಜಯಶ್ರೀ ಕೂಸನ್ನೆತ್ತಿಕೊಂಡು ಹಿಂದೆಯೇ ಓಡಿದಳು.

ರೇಮಂಡ್ ಮನೆಯ ನಡುವೆ ದೊಡ್ಡ ಚೀಲ ತುಂಬುತ್ತ ಕುಳಿತಿದ್ದ. ಬಸಲಿಂಗವ್ವ ಕೌದಿಯನ್ನು ಮೇಜಿನ ಮೇಲೆ ಹರಡಿ, ಕತ್ತರಿಯನ್ನು ಅದರ ಮೇಲಿಟ್ಟಳು. "ನಾನಽ ಕತ್ತರಿಸೀನಿ. ಬಾವುಟ ಅಂತ ತಿಳೀಲಿಲ್ಲ. ಬಿಚ್ಚಿ ಮತ್ತ ಕೂಡಿಸಿ ಕೊಡ್ತೀನಿ, ಬ್ಯಾಡ ಅನಬ್ಯಾಡಪಾ," ಎಂದಳು. ಮಗಳು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ಅವನಿಗೆ ತಿಳಿದಿತ್ತು. ಕೌದಿಯ ಮೇಲೆ ಅಂಗೈ ಇಟ್ಟ. ಸೂರ್ಯನ ದುಂಡು ಒಂದು ಕಡೆ, ಕಿರಣಗಳು ಇನ್ನೊಂದು ಕಡೆ. ಒಂದು ಮಾತೂ ಆಡದೆ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಬೈದಿದ್ದರೆ ಬಸಲಿಂಗವ್ವ ತಡೆದುಕೊಳ್ಳುತ್ತಿದ್ದಳು, ಈ ಮೌನವನ್ನು ತಡೆಯಲಾಗಲಿಲ್ಲ. ಆದರೂ ತಿರುಗಿ ಹೋಗಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು, ಕಣ್ಣೀರು ಒರೆಸಿಕೊಳ್ಳುತ್ತ, ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. ಮೊದಲ ತುಂಡು ಬಿಡಿಸಿ ಪಕ್ಕಕ್ಕಿಡಲು ಹೋದಾಗ ಒಂದು ದೊಡ್ಡ ಕೈ ಅಡ್ಡ ಬಂತು. ರೇಮಂಡ್ ಹೊರಗೆ ಬಂದಿದ್ದ. ತುಂಡು ನೆಲಕ್ಕೆ ತಾಗಬಾರದೆಂದು ಅಂಗೈ ಚಾಚಿದ್ದ. ಅದನ್ನು ಎಡಗೈಯ ಮೇಲಿಟ್ಟುಕೊಂಡು, ಬಲಗೈಯಿಂದ ಮಡಿಕೆ ಸರಿಪಡಿಸಿ, ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ ಅದರ ಮೇಲಿಟ್ಟ. ಎರಡನೆಯ ತುಂಡನ್ನೂ ಹಾಗೆಯೇ. ಬಸಲಿಂಗವ್ವ ಸೂಜಿ ನಿಲ್ಲಿಸಿ ನೋಡಿದಳು. ಬಂದೂಕು ಹಿಡಿಯುವ ಈ ಕೈ, ತಾನು ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಹಿಡಿದಂತೆಯೇ ಹಿಡಿದಿದೆಯಲ್ಲ! ಹರಿದ ಚಿಂದಿಯಲ್ಲೂ ಇವರಿಗೆ ನಾಡು ಇಡಿಯಾಗಿಯೇ ಕಾಣುತ್ತದೆಯಲ್ಲ! ತನ್ನ ಕೈಯಿಂದ ಎಂಥದ್ದು ಕತ್ತರಿಸಿಹೋಯಿತೆಂದು ಆಗ ಅವಳಿಗೆ ಪೂರಾ ತಿಳಿಯಿತು. ಆ ಸಂಜೆಯೂ ಮರುದಿನವೂ ಅವಳು ಬಿಚ್ಚಿದಳು, ಅವನು ಅಂಗೈ ಚಾಚಿ ತೆಗೆದುಕೊಂಡ.

ಎಲ್ಲ ಬಿಚ್ಚಿ ಜೋಡಿಸಿ ನೋಡಿದರೆ ಒಂದು ಕಿರಣ ಕಡಿಮೆ. ಅದು ಚೂರುಗಳ ಜೊತೆ ಕಸದ ಡಬ್ಬಿಗೆ ಹೋಗಿತ್ತು. ರೇಮಂಡ್ ಕೆಳಗೆ ಓಡಿದ, ಆದರೆ ಕಟ್ಟಡದ ಕಸದ ಡಬ್ಬಿ ಖಾಲಿಯಾಗಿತ್ತು, ಕಸದ ಲಾರಿ ಆಗಲೇ ಬಂದು ಹೋಗಿತ್ತು. ಮೇಲೆ ಬಂದು ಬರಿಗೈ ತೋರಿಸಿದ. ಅಂಗಡಿಯಿಂದ ಕೆಂಪು ಬಟ್ಟೆ ತರುತ್ತೇನೆ ಎಂದು ತೆರೇಸಾ ಪರ್ಸ್ ಹುಡುಕುತ್ತಿರುವಾಗ ಚರ್ರೆಂದು ಸದ್ದಾಯಿತು. ಬಸಲಿಂಗವ್ವ ಉಟ್ಟ ಇಳಕಲ್ ಸೀರೆಯ ಕೆಂಪು ಸೆರಗನ್ನು ಹರಿದಿದ್ದಳು. "ಅಂಗಡಿ ಅರಿಬಿಗೆ ಯಾರ ಆಯುಷ್ಯ ಅಂಟಿರ್ತದವ್ವಾ? ಇದು ನಾ ಉಟ್ಟದ್ದು," ಎಂದಳು. ರೇಮಂಡ್ ತಲೆಯಾಡಿಸಿ ಬೇಡವೆಂದ. ಬಸಲಿಂಗವ್ವ ಕೇಳಿಸಿಕೊಳ್ಳದೆ ಸೂಜಿಗೆ ದಾರ ಪೋಣಿಸಿದಳು. ಅವನು ಸ್ವಲ್ಪ ಹೊತ್ತು ನಿಂತು ನೋಡಿ, ಬಾವುಟದ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ಎದುರಿಗೆ ಕುಳಿತ.

ಭಾನುವಾರ ಠಾಣೆಯೊಳಗಿನ ಚರ್ಚಿನಲ್ಲಿ, ಹೊರಡುವವರಿಗೆ ಆಶೀರ್ವಾದದ ಪ್ರಾರ್ಥನೆ. ತೆರೇಸಾ ಬಲವಂತ ಮಾಡಿ ಇವರನ್ನೂ ಕರೆದೊಯ್ದಳು. ಗೇಟಿನಲ್ಲಿ ಪಾಸ್‌ಪೋರ್ಟ್ ನೋಡುವಾಗ ಸುನಿಲಕುಮಾರ ಬೆವರಿದ, ಆದರೆ ಬಂದ. ಒಳಗೆ ಶಿಲುಬೆ, ಅದರ ಪಕ್ಕದಲ್ಲೇ ದೇಶದ ಬಾವುಟ. ದೇವರೂ ದೇಶವೂ ಒಂದೇ ಛಾವಣಿಯ ಕೆಳಗೆ ಹೀಗೆ ಸರಿಸಮನಾಗಿ ನಿಂತದ್ದನ್ನು ಬಸಲಿಂಗವ್ವ ಬಾಯಿ ತೆರೆದು ನೋಡಿದಳು. ಪಾದ್ರಿ ಹೆಸರು ಕೂಗಿದಾಗ ರೇಮಂಡ್ ಮುಂದೆ ಹೋಗಿ ಹಳದಿ ಬಾವುಟವನ್ನು ಬಿಚ್ಚಿ ಎತ್ತಿ ಹಿಡಿದ. ಬೆಂಚುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಎದ್ದು ನಿಂತರು. ಎಲ್ಲರೂ ಅದೇ ರಾಜ್ಯದವರು. ಎದೆಯ ಮೇಲೆ ಕೈಯಿಟ್ಟು, ಶಾಲೆಯಲ್ಲಿ ಕಲಿತ ಮಕ್ಕಳಂತೆ, ಒಂದೇ ದನಿಯಲ್ಲಿ ಏನೋ ಹೇಳಿದರು. ಅವರಲ್ಲಿ ಒಬ್ಬ ಮುದುಕ ಅಳುತ್ತಿದ್ದ.

"ಏನಂತಾರ?" ಎಂದಳು ಬಸಲಿಂಗವ್ವ.

"ಈ ಸೂರ್ಯ ಬ್ಯಾರೆ ಬ್ಯಾರೆ ಮಂದಿ ಕೂಡಿದ ಗೆಳೆತನದ ಗುರುತು, ಇದಕ್ಕ ನಮಸ್ಕಾರ ಅಂತಾರ ಯವ್ವಾ," ಎಂದಳು ವಿಜಯಶ್ರೀ.

ಹದಿನೈದು ಕಿರಣಗಳು ಮಾಸಿದ್ದವು, ಒಂದು ಮಾತ್ರ ದಟ್ಟ ಕೆಂಪಾಗಿತ್ತು. ಇಡೀ ಚರ್ಚು ಅದರತ್ತಲೇ ನೋಡುತ್ತಿತ್ತು. ತನ್ನ ಸೆರಗಿಗೆ ತಾನೇ ಕೈ ಮುಗಿಯುವುದೇ ಎಂದು ಬಸಲಿಂಗವ್ವನಿಗೆ ಒಂದು ಕ್ಷಣ ಸಂಕೋಚವಾಯಿತು. ಅಷ್ಟರಲ್ಲಿ ರೇಮಂಡ್ ಆ ಜನದ ನಡುವೆ ಅವಳನ್ನು ಹುಡುಕಿ, ನೆಟ್ಟಗೆ ನಿಂತು, ತಲೆ ಬಾಗಿಸಿದ. ಅವಳು ಹರಿದ ಸೆರಗನ್ನೇ ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಜೋಡಿಸಿದಳು.

"ಶಿವನೇ, ಇವನನ್ನ ತಿರುಗಿ ಮನಿಗೆ ಮುಟ್ಟಿಸಪಾ," ಎಂದು ಗಟ್ಟಿಯಾಗಿಯೇ ಅಂದಳು.