ಕಾಕು ಹೊರಗೆ ಕುಳಿತ ದಿನಗಳು

ಕಾಕುವಿನ ಬಲಗೈ ತೋರುಬೆರಳು ತುಸು ಬಾಗಿತ್ತು. ಅದನ್ನು ಪಾತ್ರೆಯೊಳಗಿನ ಅಕ್ಕಿಗೆ ತಾಗಿಸಿ, ಬೆರಳಿನ ಮೊದಲ ಗೆರೆಯವರೆಗೆ ನೀರು ಬಂದರೆ ಸಾಕು ಎನ್ನುತ್ತಿದ್ದಳು. ಭೋಜ ಎಂಬ ಊರಿನ ನಮ್ಮ ಮನೆಯಲ್ಲಿ ಅನ್ನ ಎಂದೂ ಮುದ್ದೆಯಾಗಲಿಲ್ಲ. ಹಾಗೆಂದು ನೆನಪು; ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಆಕೆ ನನ್ನ ಚಿಕ್ಕಪ್ಪನ ಹೆಂಡತಿ. ತಾಯಿಯಿಲ್ಲದ ನನ್ನನ್ನು ಸಾಕಿ, ಧಾರವಾಡದಲ್ಲಿ ಎಂ.ಎಸ್ಸಿ. ಓದಿಸಿದವಳು. ತೊಂಬತ್ತರ ದಶಕದ ನಡುವೆ ಒಂದು ದೀಪಾವಳಿಗೆ ಊರಿಗೆ ಹೋದಾಗ ಕಾಕು ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹಾಸಿ ಕುಳಿತಿದ್ದಳು. ಮುಟ್ಟು ನಿಂತು ಏಳೆಂಟು ವರ್ಷವಾಗಿತ್ತು.

"ದೂರ ನಿಲ್ಲೋ, ಹೊರಗಾಗೇನಿ," ಎಂದಳು.

ನೆರೆಮನೆಯ ಅಜ್ಜಿ ನಕ್ಕಳು. "ನಿಮ್ಮ ಕಾಕೂಗ ತಿರಗಿ ಹರೇ ಬಂದೈತಿ ನೋಡಪಾ. ಹೊಸಾ ಬಳಿ ಇಡಸು."

ನನಗೆ ಸಿಟ್ಟು ಬಂದದ್ದು ಆ ಕಂಬಳಿಯ ಮೇಲೆ. ಮೈಲಿಗೆ ಎಂಬುದೇ ಸುಳ್ಳು ಎಂದು ಅರ್ಧ ಗಂಟೆ ಭಾಷಣ ಮಾಡಿದೆ.

"ನಿಂದೂ ಖರೆ ಇರಬಹುದಪಾ. ಆದ್ರ ನಾ ಬಸದಿಗೆ ಹೋಗಾಂಗಿಲ್ಲ," ಎಂದಳು ಕಾಕು.

ನಿಂತ ರಕ್ತ ಮತ್ತೆ ಏಕೆ ಬಂತು ಎಂದು ನಾನು ಕೇಳಲಿಲ್ಲ. ವಿಜ್ಞಾನ ಓದಿದವನು ಕೇಳಬೇಕಾಗಿದ್ದದ್ದು ಅದೊಂದೇ.

ಮಳೆಗಾಲದವರೆಗೂ ಆಕೆ ಹೀಗೇ ತಿಂಗಳಿಗೊಮ್ಮೆ, ಆಮೇಲೆ ಎರಡೆರಡು ಸಲ ಹೊರಗೆ ಕುಳಿತಳು. ಸೊರಗಿದ ಮೇಲೆ ಮಿರಜಿನ ಆಸ್ಪತ್ರೆಗೆ ಕರೆದೊಯ್ದೆ. ಮುಟ್ಟು ನಿಂತವರಲ್ಲಿ ಗರ್ಭಕೋಶದ ಒಳಪದರ ನಾಲ್ಕೈದು ಮಿಲಿಮೀಟರಿನೊಳಗೆ ಇರಬೇಕು, ಇದು ಹದಿನೆಂಟು ಇದೆ ಎಂದರು ಸ್ಕ್ಯಾನ್ ಮಾಡಿದ ಡಾಕ್ಟರಮ್ಮ, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಿ. ಹದಿನಾರೋ ಏನೋ, ಆ ಕಾಗದವನ್ನೂ ಕಳೆದಿದ್ದೇನೆ. ದಪ್ಪವಿದ್ದ ಮಾತ್ರಕ್ಕೆ ಕ್ಯಾನ್ಸರ್ ಎನ್ನಲಾಗದು, ತುಣುಕು ತೆಗೆದು ನೋಡಬೇಕು ಎಂದರು. ನೋಡಿದರು. ಕ್ಯಾನ್ಸರೇ ಆಗಿತ್ತು, ಗರ್ಭಕೋಶ ದಾಟಿ ಹಬ್ಬಿತ್ತು.

"ಹದಿನೆಂಟು ಅಂದ್ರ ಎಷ್ಟೋ?" ಕಾಕು ಬೆರಳು ಚಾಚಿದಳು. ತುದಿಯಿಂದ ಮೊದಲ ಗೆರೆಯ ಹತ್ತಿರದವರೆಗೆ ತೋರಿಸಿದೆ.

"ಅನ್ನಕ್ಕ ನೀರಿಡೂವಷ್ಟೂ ಇಲ್ಲಲ್ಲೋ," ಎಂದಳು.

ಮೊದಲ ಸಲ ರಕ್ತ ಕಂಡಾಗಲೇ ಏಕೆ ಬರಲಿಲ್ಲ ಎಂದು ಡಾಕ್ಟರ್ ಬಾಯಿ ನನ್ನನ್ನು ಕೇಳಿದರು. ನಾನು ಉತ್ತರಿಸುವ ಮೊದಲೇ ಕಾಕು ಅಂದಳು: "ಇಂವಂದೇನ ತಪ್ಪಿಲ್ರಿ ಬಾಯಾರ. ದೀಪಾವಳಿಗೇ ಹೇಳಿದ್ದ. ನಾನಽ ಕೇಳಲಿಲ್ಲ."

ಮುಂದಿನ ಯುಗಾದಿಗೆ ಮೊದಲೇ ಆಕೆ ತೀರಿಹೋದಳು. ಬೆರಳು ಬಲಗೈಯದೋ ಎಡಗೈಯದೋ ಎಂದು ಈಗೀಗ ಅನುಮಾನ ಬರುತ್ತದೆ. ಆದರೆ ದೀಪಾವಳಿಯಂದು ನಾನು ಹೇಳಿದ್ದು ಆಸ್ಪತ್ರೆಯ ಮಾತಲ್ಲ. ಆ ಒಂದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.