ಕುಗ್ಗುವ ಪ್ಲಾಸ್ಟಿಕ್ಕಿನ ಲೆಕ್ಕ

ರೋಬೋ ಕಟ್ಟೋಣ ಎಂದು ಮೊದಲು ಹೇಳಿದವರು ಯಾರು ಎಂಬುದು ನನಗೆ ಈಗ ಖಚಿತವಿಲ್ಲ. ಅಪ್ಪನೇ ಕೇಳಿದ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅವ್ವ ಒಪ್ಪುವುದಿಲ್ಲ. ಗೋಪನಕೊಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಮೊಬೈಲಿನಲ್ಲಿ ಅದರ ಚಿತ್ರ ತೋರಿಸುತ್ತಿದ್ದಾಗ ಅಪ್ಪ ಗೋಡೆ ನೋಡುತ್ತಿದ್ದನಂತೆ. ಆ ದಿನದ ದಿನಚರಿಯಲ್ಲಿ ಇರುವುದು ಒಂದೇ ಸಾಲು: 'ಅಪ್ಪನಿಗೆ ಆಸಕ್ತಿ ಬಂದಿದೆ.' ಕಂಡದ್ದನ್ನು ಬರೆದೆನೋ, ಹಾಗೆ ಆಗಲಿ ಎಂದು ಬರೆದೆನೋ, ಹೇಳಲಾರೆ.

ಅನುಮಾನವಿಲ್ಲದೆ ಹೇಳಬಹುದಾದದ್ದು ಇಷ್ಟು. ಅಪ್ಪ ಲಕಮನಹಳ್ಳಿಯ ಒಂದು ಶೆಡ್ಡಿನಲ್ಲಿ ಮೂವತ್ತು ವರ್ಷ ಪ್ಲಾಸ್ಟಿಕ್ ಸಾಮಾನಿನ ಅಚ್ಚು ಮಾಡಿದವನು. ಬಕೆಟ್ಟಿನ ಹಿಡಿಕೆ, ಬಾಟಲಿಯ ಮುಚ್ಚಳ, ಸ್ವಿಚ್ಚಿನ ಡಬ್ಬಿ ಎರಕವಾಗಿ ಹೊರಬೀಳುವ ಉಕ್ಕಿನ ಅಚ್ಚುಗಳನ್ನು ಕೊರೆದು, ಉಜ್ಜಿ, ಜೋಡಿಸುವುದು ಅವನ ಕೆಲಸ. ಪಾರ್ಶ್ವವಾಯು ಬಡಿದ ಮೇಲೆ ಬಲಗೈ ಭುಜದಿಂದ ಕೆಳಗೆ ಅವನ ಮಾತು ಕೇಳುವುದನ್ನು ಬಿಟ್ಟಿತು. ಶೆಡ್ಡಿನ ಮಾಲೀಕರು ಎರಡು ಸಲ ಹೇಳಿಕಳಿಸಿದ್ದರು: ಕೈ ಬೇಡ, ತಲೆ ಸಾಕು, ಒಂದು ಕುರ್ಚಿ ಹಾಕಿಸುತ್ತೇನೆ, ಕುಳಿತು ಹೊಸಬರ ಕೆಲಸದ ಅಳತೆ ನೋಡಿದರೂ ಆಯಿತು. ಅಪ್ಪ ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ತಲೆ ನೆಟ್ಟಗಿದೆಯೇ ಎಂಬ ಹೆದರಿಕೆ ಅವನಿಗಿತ್ತು. ಒಂದು ಭಾನುವಾರ ಚರ್ಚಿನಿಂದ ಬಂದವನು ಚಪ್ಪಲಿ ಬಿಡುತ್ತ ಅವ್ವನಿಗೆ ಹೇಳಿದ: "ಅಕಿ ತೋರಿಸಿದ್ದನ್ನ ನಿಂದ್ರಸ್ತೇನಿ. ಅದು ನಿಂತ್ರ ಶೆಡ್ಡಿಗೆ ಹೊಕ್ಕೇನಿ."

ಅದು ನಾನು ಚಿಕ್ಕವಳಿದ್ದಾಗ ಟಿವಿಯಲ್ಲಿ ನೋಡುತ್ತಿದ್ದ ಒಂದು ರೋಬೋದ ನಕಲು, ಸೊಂಟದೆತ್ತರದ್ದು. ಯಾರೋ ಹವ್ಯಾಸಿಗಳು ಅದರ ಬಿಡಿಭಾಗಗಳ ನಕ್ಷೆಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ಹುಬ್ಬಳ್ಳಿಯಲ್ಲಿ ತ್ರೀಡಿ ಪ್ರಿಂಟರ್ ಇಟ್ಟುಕೊಂಡಿದ್ದ ಒಬ್ಬಾತ ಪ್ಲಾಸ್ಟಿಕ್ ತಂತಿಯನ್ನು ಕರಗಿಸಿ, ಪದರದ ಮೇಲೆ ಪದರ ಹಾಕಿ, ಅಂಥ ಭಾಗಗಳನ್ನು ಮಾಡಿಕೊಡುತ್ತಿದ್ದ. ಬೋಲ್ಟು, ಬೇರಿಂಗು, ಸರಳುಗಳನ್ನು ಬಜಾರದಿಂದ ತರಬೇಕು. ನಾನು ಆ ಪ್ರಿಂಟರಿನವನ ಅಂಗಡಿಗೆ ಹೊರಟಾಗ ಅಪ್ಪ ಕರೆದು ಹೇಳಿದ: "ಪ್ಲಾಸ್ಟಿಕ್ ಆರಿದ ಮ್ಯಾಲೆ ಕುಗ್ಗತೈತಿ. ನೂರಕ್ಕ ಎರಡು ದೊಡ್ಡದು ಮಾಡಸು."

ಅಚ್ಚು ಮಾಡುವವರೆಲ್ಲ ಹಾಗೆಯೇ ಮಾಡುತ್ತಾರೆ. ಬಿಸಿ ಪ್ಲಾಸ್ಟಿಕ್ ಆರಿ ಎಷ್ಟು ಕುಗ್ಗುತ್ತದೋ ಅಷ್ಟನ್ನು ಅಚ್ಚಿನಲ್ಲಿ ಮೊದಲೇ ಹೆಚ್ಚಿಗೆ ಇಟ್ಟಿರುತ್ತಾರೆ. ಅಂಗಡಿಯವನು ಮಾತ್ರ, ಅದರ ಜರೂರಿಲ್ಲ ಮೇಡಂ, ನಕ್ಷೆಯಲ್ಲಿರುವುದು ತಯಾರಾದ ಭಾಗದ ಅಳತೆಯೇ, ಮಶೀನು ಅಷ್ಟನ್ನೇ ಕೊಡುತ್ತದೆ ಎಂದ. ಎಂದನೆಂದು ನನ್ನ ನೆನಪು. ದಿನಚರಿಯಲ್ಲಿ ಆ ಮಾತಿಲ್ಲ. ಅವನು ಹೇಳದಿದ್ದುದಕ್ಕೆ ಇಲ್ಲವೋ, ನಾನು ಬರೆಯಲು ಬಯಸದಿದ್ದುದಕ್ಕೆ ಇಲ್ಲವೋ. ದೊಡ್ಡದನ್ನೇ ಮಾಡಿಸಿದೆ. ಎಷ್ಟೋ ತಿಂಗಳ ಮೇಲೆ ಅಪ್ಪನ ಬಾಯಿಂದ ಬಂದ ಮೊದಲ ಅಳತೆ ಅದು. ಅದು ಬೇಡವಂತೆ ಎಂದು ಮರಳಿ ಹೋಗಿ ಹೇಳಲು ಮನಸ್ಸಾಗಲಿಲ್ಲ. ಆಗ ಅದನ್ನು ಗೌರವ ಎಂದುಕೊಂಡಿದ್ದೆ.

ದಿನಾ ಸಂಜೆ ನಾನು ಆಫೀಸಿನಿಂದ ಬಂದ ಮೇಲೆ ಕೂಡುತ್ತಿದ್ದೆವು. ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ಒಂದು ಭಾಗದ ಮೇಲೆ ಭಾರಕ್ಕೆಂದು ಇಡುತ್ತಿದ್ದ, ಆಮೇಲೆ ಎಡಗೈಯಿಂದ ಸ್ಕ್ರೂ ತಿರುವುತ್ತಿದ್ದ. ಪಾದ, ಕಾಲು, ಎದೆ ಸರಾಗವಾಗಿ ಕೂಡಿದವು. ಎಲ್ಲವೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗಿದ್ದವಲ್ಲ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಹೊಂದಿಕೊಂಡಿತು. ಅವ್ವ ರೊಟ್ಟಿ ಬಡಿಯಲು ಜಾಗವಿಲ್ಲವೆಂದು ಗೊಣಗುತ್ತಿದ್ದಳು. "ಅಳ್ಯಾ ಬಂದು ಕುಂತಂಗ ನಡಮನ್ಯಾಗ ಕುಂತಾನ. ಚಾ ಒಂದು ಕೇಳೂದು ಬಾಕಿ," ಎಂದು ಮದುವೆಯಾಗದ ನನ್ನತ್ತ ನೋಡಿ ಅನ್ನುತ್ತಿದ್ದಳು. ಅಪ್ಪ ನಕ್ಕಿದ್ದು ನನಗೆ ನೆನಪಿದೆ. ಅದೊಂದನ್ನು ನಾನು ಅನುಮಾನಿಸುವುದಿಲ್ಲ.

ನಾಲ್ಕು ತಿಂಗಳ ಮೇಲೆ ತೋಳುಗಳ ಸರದಿ ಬಂದಾಗ ಕೆಲಸ ನಿಂತಿತು. ಭುಜದ ಗೂಡಿನಲ್ಲಿ ಬಜಾರದಿಂದ ತಂದ ಉಕ್ಕಿನ ಬೇರಿಂಗ್ ಬಿಗಿಯಾಗಿ ಕೂಡಬೇಕು, ಅದರೊಳಗೆ ತೋಳಿನ ಸರಳು. ಅಪ್ಪ ಒತ್ತುತ್ತಿದ್ದ, ಅದು ಅಲುಗಾಡಿ ಕೆಳಗೆ ಬೀಳುತ್ತಿತ್ತು. ನಾಲ್ಕು ಸಂಜೆ ಅದೇ ಆಯಿತು. ತಪ್ಪು ತನ್ನ ಕೈಯದೆಂದೇ ಅವನು ನಂಬಿದ್ದ. ಗೂಡೇ ದೊಡ್ಡದಿರಬಹುದು ಎಂದು ಎರಡನೆಯ ಸಂಜೆಗೇ ನನಗೆ ಹೊಳೆದಿತ್ತು. ರೂಢಿಯಾದರೆ ಬರುತ್ತದೆ ಎಂದೆ.

ಐದನೆಯ ಸಂಜೆ ಕಾಕಾ ಬಂದರು. ಅಮ್ಮಿನಬಾವಿಯಿಂದ ಶೆಡ್ಡಿಗೆ ಹೋಗಿಬರುವವರು, ಅಪ್ಪನ ಕೈಕೆಳಗೆ ಕೆಲಸ ಕಲಿತವರು; ಕಾಕಾ ಎನ್ನುವುದು ನನ್ನ ಸಲುಗೆ. ಕೊಡ್ರಿಲ್ಲೆ ಎಂದು ಬೇರಿಂಗ್ ಇಸಿದುಕೊಂಡು ಒತ್ತಿದರು. ಅವರ ಎರಡು ಗಟ್ಟಿ ಕೈಗಳಿಂದಲೂ ಅದು ಬಿತ್ತು. ಅಪ್ಪ ನೋಡುತ್ತಿದ್ದ. ಕಾಕಾ ಅಪ್ಪನದೇ ಪೆಟ್ಟಿಗೆಯಿಂದ ವರ್ನಿಯರ್ ತೆಗೆದು ಗೂಡಿನ ಅಳತೆ ಹಿಡಿದು, "ಉಸ್ತಾದ, ಇದು ದೊಡ್ಡದೈತಿ," ಎಂದರು.

ನಾನು ತಟ್ಟನೆ ಅಂಗಡಿಯವನ ತಪ್ಪು ಎಂದೆ.

"ಸುಳ್ಳು ಹೇಳಬ್ಯಾಡ," ಎಂದ ಅಪ್ಪ. "ನೂರಕ್ಕ ಎರಡು ಅಂದಾಂವ ನಾನಽ."

ಅಚ್ಚಿನ ಕೆಲಸದವರು ಯಾರಿದ್ದರೂ ಅದನ್ನೇ ಹೇಳುತ್ತಿದ್ದರು, ತಾನೂ ಹೇಳುತ್ತಿದ್ದೆ ಎಂದು ಕಾಕಾ ಸಮಾಧಾನ ಮಾಡಿದರು.

"ನೀ ಮೊದ್ಲ ಕೇಳತಿದ್ದಿ. ನಕಾಶಿ ಅಚ್ಚಿಂದೋ, ಮಾಲಿಂದೋ ಅಂತ ಕೇಳತಿದ್ದಿ. ನಿನಗ ಹಂಗ ಕಲಿಸಿದಾಂವ ನಾನು. ನಾನಽ ಕೇಳಲಿಲ್ಲ."

ಕಾಕಾ ಬೇರಿಂಗಿಗೆ ಟೇಪು ಸುತ್ತಿ ಕೂಡಿಸಿದರು. ಐದು ನಿಮಿಷದ ಕೆಲಸ. ಎರಡೂ ತೋಳು ನಿಂತವು. ನಿಂತಿತಲ್ಲ, ಇನ್ನು ಶೆಡ್ಡಿಗೆ ಹೋಗ್ರಿ ಎಂದಳು ಅವ್ವ. ಅಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಅಂಗಡಿಯವನ ಮಾತನ್ನು ನಾನು ಅಂದೇ ಬಂದು ಹೇಳಿದ್ದರೆ? ಹೌದಲ್ಲ ಎಂದು ಹಣೆ ತಟ್ಟಿಕೊಂಡು ನಕ್ಕುಬಿಡುತ್ತಿದ್ದನೇನೋ. ಶಿಷ್ಯನ ಎದುರು ಬಯಲಾಗದ, ತಿದ್ದಿಕೊಳ್ಳಬಹುದಾದ ತಪ್ಪಾಗಿರುತ್ತಿತ್ತು. ಅಥವಾ ಅಷ್ಟೇ ನೋಯುತ್ತಿದ್ದನೇನೋ, ನಾಲ್ಕು ತಿಂಗಳು ಮೊದಲೇ. ನಾನು ಗೌರವ ಎಂದುಕೊಂಡದ್ದು ಕನಿಕರ ಎಂಬುದಂತೂ ಈಗ ಗೊತ್ತು. ನಾನು ತಪ್ಪನ್ನು ಅಂಗಡಿಯವನ ಮೇಲೆ ಹಾಕಿದ ಸಂಜೆಯೇ ಅವನಿಗೆ ಅದು ಗೊತ್ತಾಗಿರಬೇಕು.

ಮರುದಿನ ಅಪ್ಪ ನನ್ನಿಂದ ಮಾಲೀಕರಿಗೆ ಫೋನು ಹಚ್ಚಿಸಿದ. ಕುರ್ಚಿ ಬೇರೆಯವರಿಗೆ ಕೊಡಿ, ತಲೆಯ ಮೇಲೂ ಭರವಸೆ ಉಳಿದಿಲ್ಲ ಎಂದ. ಅವರು ಒತ್ತಾಯ ಮಾಡಲಿಲ್ಲ. ಆರಾಮ ಮಾಡ್ರಿ ಎಂದರು.

ವಾರದ ಮೇಲೆ ಕಾಕಾ ಫೋನು ಮಾಡಿದರು. ದನಿ ತಗ್ಗಿತ್ತು. ಆ ಕುರ್ಚಿಯಲ್ಲಿ ಕೂಡು ಎಂದು ಮಾಲೀಕರು ತನಗೆ ಹೇಳುತ್ತಿದ್ದಾರೆ, ಉಸ್ತಾದ ಹೂಂ ಅಂದರೆ ಮಾತ್ರ ಕೂಡುತ್ತೇನೆ ಎಂದರು.

"ಕುಂಡ್ರು," ಎಂದ ಅಪ್ಪ. "ಕಿಡಕಿ ಕಡೆ ಮಾರಿ ಮಾಡಿ ಕುಂಡ್ರು. ಬೆಳಕು ಛಲೋ ಬರತೈತಿ."