ಮಂಗಳಮ್ಮ ಕಲಿತ ಅರಬ್ಬಿ

ಹಾರನಹಳ್ಳಿಯ ಮಂಗಳಮ್ಮ ಅರಬ್ಬಿ ಕಲಿತದ್ದು ಶಾಲೆಯಲ್ಲಲ್ಲ. ಮಸ್ಕತ್ತಿನ ಒಂದು ಮನೆಯಲ್ಲಿ, ಕಣ್ಣು ಮಂಜಾದ ಮುದುಕಿಯೊಬ್ಬಳ ಮಂಚದ ಪಕ್ಕ ಕೂತು ಕಲಿತದ್ದು. ಹೋದಾಗ ಅವಳಿಗೆ ನಲವತ್ತೊಂದು. ಗಂಡ ತೀರಿ ಆರು ವರ್ಷವಾಗಿತ್ತು. ಅಲ್ಲಿಯವರೆಗೆ ಹೊಗೆಸೊಪ್ಪಿನ ಕಾಲಕ್ಕೆ ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಕೂತು ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದಳು, ಉಳಿದ ಕಾಲಕ್ಕೆ ಶುಂಠಿ ಹೊಲಕ್ಕೆ ಹೋಗುತ್ತಿದ್ದಳು. ಒಬ್ಬಳೇ ಮಗಳು ಚೈತ್ರ ಪಿರಿಯಾಪಟ್ಟಣದ ಹಾಸ್ಟೆಲಿನಲ್ಲಿ ಓದುತ್ತಿದ್ದಳು.

ಏಜೆಂಟ್ ಕಾಂತರಾಜ್ ಬಂದು ಮಸ್ಕತ್ತಿನಲ್ಲಿ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸದ ಸುದ್ದಿ ಹೇಳಿದಾಗ ಮಂಗಳಮ್ಮ ಹೋಗುವುದೆಂದೇ ಗಟ್ಟಿ ಮಾಡಿಕೊಂಡಳು. ಆದರೂ ಭಾವ ಚಿಕ್ಕಬಸಪ್ಪನ ಮುಂದೆ ನಿಂತು ಬಾಯಲ್ಲಿ ಅಂದದ್ದು ಬೇರೆ.

“ನೀವೆಂಗೇಳ್ತೀರೋ ಅಂಗೆ, ಭಾವ.”

ಚಿಕ್ಕಬಸಪ್ಪ ಅವಳ ಮುಖ ನೋಡಿದ. “ಓಗ್ಬುಟ್ಟು ಬಾರವ್ವ. ಮನ್ಸ್ ಮಾಡ್ಕಂಡೇ ಬಂದು ನನ್ನೇನ್ ಕೇಳ್ತೀಯೆ,” ಎಂದ.

ಆ ಊರಿನಲ್ಲಿ ಹೆಂಗಸು ಹಿರಿಯರೆದುರು ‘ನನಗಿದು ಬೇಕು’ ಎನ್ನುವುದಿಲ್ಲ. ಮಾತನ್ನು ಅವರ ಕೈಗೆ ಕೊಡುತ್ತಾಳೆ. ಅವರು ಮುಖ ನೋಡಿ, ಅವಳ ಮನಸ್ಸಿನಲ್ಲಿದ್ದದ್ದನ್ನೇ ತಿರುಗಿ ಅವಳಿಗೆ ಕೊಡುತ್ತಾರೆ. ಹಾಗೆ ಕೊಡದ ಹಿರಿಯರನ್ನು ಮಂಗಳಮ್ಮ ನೋಡಿರಲಿಲ್ಲ.

“ಇಂದಿ ಸಾಕು ಕಣಕ್ಕ,” ಎಂದಿದ್ದ ಕಾಂತರಾಜ್. ಆ ಮನೆಯಲ್ಲಿ ಹಿಂದಿ ಬರುತ್ತಿದ್ದದ್ದು ಡ್ರೈವರಿಗೆ ಮಾತ್ರ. ಮುದುಕಿಗೆ ಅರಬ್ಬಿ ಬಿಟ್ಟರೆ ಇನ್ನೊಂದು ತಿಳಿಯದು. ಅವಳನ್ನು ಎಲ್ಲರೂ ಉಮ್ಮ್ ಸಾಲಿಂ, ಅಂದರೆ ಸಾಲಿಮನ ತಾಯಿ, ಎನ್ನುತ್ತಿದ್ದರು. ಮೊದಲ ವಾರ ಮುದುಕಿ ಏನು ಕೇಳಿದರೂ ಮಂಗಳಮ್ಮ ನೀರು ಕೊಟ್ಟಳು. ಎಂಟನೆಯ ದಿನ ಮುದುಕಿ ಅವಳ ಕೈ ಹಿಡಿದು ನೀರಿನ ಲೋಟದ ಮೇಲೆ ಇಟ್ಟು “ಮಾಯ್” ಎಂದಳು. ದಿಂಬಿನ ಮೇಲೆ, ತನ್ನ ಮೊಣಕಾಲಿನ ಮೇಲೆ, ಬೆನ್ನಿನ ಹುಣ್ಣಿನ ಮೇಲೆ ಇಡಿಸಿ ಒಂದೊಂದರ ಹೆಸರು ಹೇಳಿದಳು. ಮಂಗಳಮ್ಮ ಅದನ್ನೆಲ್ಲ ಔಷಧಿ ಡಬ್ಬಿಯ ರಟ್ಟಿನ ಒಳಮೈಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪುತ್ತಿತ್ತು, ಮಾತು ತಪ್ಪುತ್ತಿರಲಿಲ್ಲ.

ಮಾತಿನ ಜೊತೆ ಮನೆಯ ರೀತಿಯನ್ನೂ ಕಲಿಯಬೇಕಾಯಿತು. ಮೊದಲ ಹಬ್ಬದ ದಿನ ಸಣ್ಣ ಬಟ್ಟಲಲ್ಲಿ ಕಾಫಿ ಕೊಟ್ಟರು. ಕುಡಿದಳು, ಮತ್ತೆ ಹುಯ್ದರು. ನಾಚಿಕೊಂಡು ಅದನ್ನೂ ಕುಡಿದಳು. ಹಾಗೆ ಏಳು ಬಟ್ಟಲಾಯಿತು. ಸಾಲಿಮನ ಹೆಂಡತಿ ನಕ್ಕು, ಬಟ್ಟಲನ್ನು ಕೈಯಲ್ಲಿ ಅಲ್ಲಾಡಿಸಿ ತೋರಿಸಿದಳು. ಅಲ್ಲಾಡಿಸಿದರೆ ಸಾಕು ಎಂದು, ಅಲ್ಲಾಡಿಸದಿದ್ದರೆ ಬೇಕು ಎಂದು. ಮುಖ ನೋಡಿ ತಿಳಿಯುವ ಪದ್ಧತಿ ಅಲ್ಲಿರಲಿಲ್ಲ.

ಎರಡು ವರ್ಷಕ್ಕೆ ಊರಿಗೆ ಬಂದು ಚೈತ್ರಳನ್ನು ಭೇರ್ಯದ ಬಸವಪ್ರಸಾದನಿಗೆ ಧಾರೆಯೆರೆದು ಕೊಟ್ಟು ಮತ್ತೆ ಹೋದಳು. ಅಷ್ಟು ಹೊತ್ತಿಗೆ ಲಕ್ವ ಹೊಡೆದು ಮುದುಕಿಯ ನಾಲಿಗೆ ಒಂದು ಪಕ್ಕ ಬಿದ್ದುಹೋಗಿತ್ತು. ಅವಳ ತೊದಲು ಹೆತ್ತ ಮಗನಿಗೂ ಅರ್ಥವಾಗದು, ಮಂಗಳಮ್ಮನಿಗೆ ಅರ್ಥವಾಗುತ್ತಿತ್ತು. ಡಾಕ್ಟರು ಬಂದರೆ ಅವಳನ್ನೇ ಕೂಗುತ್ತಿದ್ದರು. ಕಲಿತಷ್ಟೂ ಅವಳಿಲ್ಲದೆ ಆ ಮನೆ ನಡೆಯದಂತಾಯಿತು.

ಆಗ ಚೈತ್ರ ಫೋನ್ ಮಾಡಿದಳು. ಅವಳಿಗೆ ಏಳು ತಿಂಗಳು ತುಂಬಿತ್ತು, ಚೊಚ್ಚಲ ಬಸುರು.

“ಅವ್ವ, ಮೊದಲ್ನೇ ಬಾಣಂತನ ತವರ್ನೋರೇ ಮಾಡ್ಬೇಕು ಅಂತಾವ್ರೆ ನಮ್ಮತ್ತೆ. ಬೀಗ ಆಕಿರೋ ಮನೆಗೆ ನಾನೆಂಗೋಗ್ಲಿ?”

“ಬತ್ತೀನಿ ಕಣವ್ವ. ದಿನ ತುಂಬೋದ್ರೊಳಗೆ ಬತ್ತೀನಿ.”

“ಗ್ಯಾರಂಟಿನಾ?”

“ನಿನ್ನ ಎತ್ತಿರೋಳು ನಾನು. ಬತ್ತೀನಿ ಸುಮ್ಕಿರು.”

ಹೇಳಬೇಕಾದ ಮಾತನ್ನು ಮೂರು ದಿನ ಮನಸ್ಸಿನಲ್ಲೇ ಜೋಡಿಸಿದಳು. ಮಗಳು, ಹೆರಿಗೆ, ಎರಡು ತಿಂಗಳು: ಎಲ್ಲಕ್ಕೂ ಅರಬ್ಬಿ ಮಾತು ಅವಳ ಹತ್ತಿರ ಇತ್ತು. ಶುಕ್ರವಾರ ನಮಾಜು ಮುಗಿಸಿ ಬಂದ ಸಾಲಿಂ ಎದುರು ಕೂತ. ಮಗಳ ವಿಷಯವೆಲ್ಲ ಹೇಳಿದಳು. ಅವನು ತಾಯಿಯ ಮಂಚ ನೋಡಿ, ನಿಧಾನವಾಗಿ ಕೇಳಿದ: “ನೀನು ಹೋಗಬೇಕಾ? ಇರುತ್ತೀಯಾ? ನಿನ್ನ ಬಾಯಿಂದಲೇ ಹೇಳು.”

ಮಂಗಳಮ್ಮ ತಲೆ ತಗ್ಗಿಸಿದಳು. “ನೀವು ಮನೆಗೆ ದೊಡ್ಡವರು. ನೀವು ಹೇಳಿದ ಹಾಗೆ,” ಎಂದಳು. ಅರಬ್ಬಿಯಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಸಾಲಿಮನ ಕಣ್ಣು ತುಂಬಿತು. ಎದೆಯ ಮೇಲೆ ಕೈಯಿಟ್ಟು, ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು ಎದ್ದುಹೋದ. ಮುಖ ನೋಡಿದ್ದಾನೆ, ತಿಳಿದಿರುತ್ತದೆ, ನಾಳೆ ಟಿಕೆಟ್ ತರುತ್ತಾನೆ ಎಂದುಕೊಂಡಳು. ನಾಲ್ಕನೆಯ ದಿನ ಅವನು ಒಂದು ಪೆಟ್ಟಿಗೆ ಖರ್ಜೂರ, ಬಾಣಂತಿಗೆ ಹೊದೆಯಲು ಒಂದು ಉಣ್ಣೆ ಶಾಲು ತಂದು, “ನಿನ್ನ ಮಗಳಿಗೆ ಕಳಿಸು,” ಎಂದ. ತನ್ನ ಮಾತನ್ನು ಅವನು ‘ಇರುತ್ತೇನೆ’ ಎಂದೇ ತಿಳಿದುಕೊಂಡಿದ್ದಾನೆಂದು ಶಾಲು ಕೈಯಲ್ಲಿ ಹಿಡಿದಾಗಲೇ ಅವಳಿಗೆ ಗೊತ್ತಾದದ್ದು. ಆಗಲೂ ಹೇಳಬಹುದಿತ್ತು. ಹಿರಿಯರ ಕೈಗೆ ಕೊಟ್ಟ ಮಾತನ್ನು ಹಿಂದಕ್ಕೆ ಕೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಚೈತ್ರಳಿಗೆ ಭೇರ್ಯದಲ್ಲೇ ಬಾಣಂತನವಾಯಿತು. ಹೆಣ್ಣುಮಗು. ಒಂಬತ್ತನೆಯ ದಿನ ಬಾಣಂತಿಗೆ ಚಳಿಜ್ವರ ಬಂತು. ಅತ್ತೆ ಭಾಗ್ಯಮ್ಮ ಗಾಳಿ ತಗುಲಿದೆ ಎಂದು ಕಿವಿಗೆ ಹತ್ತಿಯಿಟ್ಟು, ಕಂಬಳಿ ಹೊದಿಸಿ ಮಲಗಿಸಿದಳು. ಫೋನಿನ ವಿಡಿಯೋದಲ್ಲಿ ಮಗಳ ಕಪ್ಪಿಟ್ಟ ತುಟಿ ನೋಡಿದ ಮಂಗಳಮ್ಮ, “ಈಗ್ಲೇ ಆಸ್ಪತ್ರೆಗೆ ಕರ್ಕಂಡೋಗ್ರೀ, ನಿಮ್ಮ ದಮ್ಮಯ್ಯ,” ಎಂದಳು.

“ಅಲ್ಕೂತ್ಕಂಡು ನಮಗ್ ಬುದ್ಧಿ ಏಳ್ಬ್ಯಾಡ ಕಣವ್ವ. ಅಷ್ಟಿದ್ದಿದ್ರೆ ಬಂದು ಮಾಡ್ಬೇಕಿತ್ತು,” ಎಂದಳು ಭಾಗ್ಯಮ್ಮ.

ಹನ್ನೊಂದನೆಯ ದಿನ ಬಸವಪ್ರಸಾದ ಕಾರು ಮಾಡಿಸಿಕೊಂಡು ಹೊರಟ. ಮೈಸೂರು ತಲುಪುವ ಮೊದಲೇ, ಅವನ ತೊಡೆಯ ಮೇಲೆಯೇ ಚೈತ್ರ ಹೋದಳು.

ಸುದ್ದಿ ಕೇಳಿದ ಸಾಲಿಂ ಗೋಡೆಗೆ ಒರಗಿ ನಿಂತ. “ನಾನು ನಿನ್ನನ್ನು ಕೇಳಿದೆನಲ್ಲ? ಹೋಗುತ್ತೇನೆ ಎಂದಿದ್ದರೆ ಅಂದೇ ಕಳಿಸುತ್ತಿದ್ದೆ. ಯಾಕೆ ಹೇಳಲಿಲ್ಲ?” ಎಂದ. ಅವನು ಸುಳ್ಳಾಡುವ ಮನುಷ್ಯನಲ್ಲ. ಮರುದಿನವೇ ಅವನು ಟಿಕೆಟ್ ಮಾಡಿಸಿದ. ಒಳಗೆ ಮುದುಕಿ ಏನೋ ತೊದಲುತ್ತಿದ್ದಳು. ಬೆನ್ನು ತಿರುಗಿಸು ಎಂದು ಕೇಳುತ್ತಿದ್ದಾಳೆ ಎಂದು ಸಾಲಿಮನ ಹೆಂಡತಿಗೆ ಹೇಳಿಕೊಟ್ಟು ಮಂಗಳಮ್ಮ ಹೊರಟಳು.

ಭೇರ್ಯಕ್ಕೆ ಬಂದಾಗ ಮಗಳು ಮಣ್ಣಾಗಿ ಎರಡು ದಿನವಾಗಿತ್ತು. ಭಾಗ್ಯಮ್ಮ ಬಾಗಿಲಲ್ಲೇ ಕೇಳಿದಳು: “ಬಂದಾ? ಅವರ್ ಬಾಸೆ ಪೂರಾ ಕಲ್ತಾಯ್ತಾ?”

ಮಗು ಅಲ್ಲೇ ಬೆಳೆಯುತ್ತಿದೆ. ತಿಂಗಳಿಗೊಂದು ಸೋಮವಾರ ಮಂಗಳಮ್ಮ ಹೋಗಿ ನೋಡಿಕೊಂಡು ಬರುತ್ತಾಳೆ. ಈಗ ಮೂರು ತುಂಬಿದೆ. ಅಜ್ಜಿಯನ್ನು ಕಂಡರೆ ಭಾಗ್ಯಮ್ಮನ ಸೆರಗಿನ ಹಿಂದೆ ಹೋಗುತ್ತದೆ.

ಮಸ್ಕತ್ತಿಗೆ ಹೋಗುವ ಹೆಂಗಸರನ್ನು ಕಾಂತರಾಜ್ ಈಗ ಮೊದಲು ನಾಲ್ಕು ಮಾತು ಅರಬ್ಬಿ ಕಲಿಯಲು ಹಾರನಹಳ್ಳಿಗೆ, ಮಂಗಳಮ್ಮನ ಹತ್ತಿರ ಕಳಿಸುತ್ತಾನೆ. ಹೋದ ತಿಂಗಳು ವೀರನಹೊಸಹಳ್ಳಿ ಕಡೆಯ ಕಾಡಂಚಿನ ಹಾಡಿಯಿಂದ ಸವಿತಾ ಎಂಬ ಹುಡುಗಿ ಬಂದಿದ್ದಳು. ಇಬ್ಬರೂ ಜಗಲಿಯ ಮೇಲೆ ಕೂತರು.

“‘ಅಬ್ಘಾ ಅರೂಹ್’ ಅನ್ನು. ನಾನು ಓಗ್ಬೇಕು ಅಂತ.”

ಸವಿತಾ ನಕ್ಕಳು. “ಅಮ್ಮ, ಇನ್ನೂ ಓಗೇ ಇಲ್ಲ, ಆಗ್ಲೇ ಬರೋ ಮಾತಾ? ನೀರು, ಅನ್ನ ಏಳ್ಕೊಡಿ ಮೊದ್ಲು.”

“ಬಾಯಾರಿದ್ರೆ ಅದು ತಾನೇ ಬತ್ತದೆ. ಇದು ಅಂಗೆ ಬರಾಕಿಲ್ಲ. ಅನ್ನು.”

ಸವಿತಾ ನೆಲ ನೋಡಿಕೊಂಡು ಅಂದಳು.

“ನನ್ ಮಖ ನೋಡ್ಕಂಡು ಅನ್ನು.”

“ದೊಡ್ಡೋರ್ ಮಖ ನೋಡ್ಕಂಡು ಅಂಗಂದ್ರೆ ಏನ್ ಚೆಂದವಮ್ಮ?”

“ಚೆಂದ ಇಲ್ಲ. ಅನ್ನು.”

ನಾಲ್ಕು ಗಂಟೆಯ ಹುಣಸೂರು ಬಸ್ಸು ಬರುವವರೆಗೂ ಹೇಳಿಸಿದಳು. ಮಾತು ಸರಿಯಾಗಿಯೇ ಬಂತು. ಕಣ್ಣು ಮಾತ್ರ ನೆಲ ಬಿಟ್ಟು ಮೇಲೇಳಲಿಲ್ಲ. ಬಸ್ಸಿನ ಸದ್ದಾಯಿತು, ಸವಿತಾ ಚೀಲ ಎತ್ತಿಕೊಂಡಳು. “ಇನ್ನೊಂದ್ಸಲ,” ಎಂದಳು ಮಂಗಳಮ್ಮ.